ನೂರ ನಲವತ್ಮೂರು ಸದಸ್ಯೆಯರು, ಇನ್ನೂರ ಹನ್ನೊಂದು ಬೀಜ

ಮೊದಲ ಮಾತುಕತೆಯನ್ನು ಗೊತ್ತುಮಾಡಲು ಮೂರು ಸಲ ಫೋನ್ ಮಾಡಬೇಕಾಯಿತು. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಮಹಿಳಾ ಹಾಲು ಉತ್ಪಾದಕರ ಸಂಘಗಳ ಹಿರಿಯ ಸದಸ್ಯೆಯರ ನೆನಪುಗಳನ್ನು ಧ್ವನಿಮುದ್ರಿಸುವ ಕೆಲಸ 2024ರ ಬೇಸಿಗೆಯಲ್ಲಿ ನಡೆದಿತ್ತು. ಹೆಸರುಗಳ ಪಟ್ಟಿ ಮಾಡಿಕೊಟ್ಟವರು ಕಡೂರಿನ ಓಂಕಾರೇಶ್. ಸಹಕಾರ ಸಂಘಗಳ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು. ಹದಿನೇಳನೆಯ ಹೆಸರು ಹಾಲಮ್ಮ; ಅದರ ಮುಂದೆ ಅವರು ಪೆನ್ಸಿಲಿನಲ್ಲಿ ‘ಅಮೆರಿಕ’ ಎಂದು ಬರೆದಿದ್ದರು. ಹಾಗೆಂದರೇನು ಎಂದು ಕೇಳಿದಾಗ ನಕ್ಕರು.

“ಆಯಮ್ಮನ್ನೇ ಕೇಳಿ. ಹಾಲಿನ ಸಂಘದ ನಡಾವಳಿ ಪುಸ್ತಕದಲ್ಲಿ ವಿಸ್ಕಾನ್ಸಿನ್ ಅಂತ ಬರೆಸಿರೋರು ಈ ಮೂರು ತಾಲ್ಲೂಕಲ್ಲಿ ಇನ್ನೊಬ್ರಿಲ್ಲ.”

ಮೊದಲ ಕರೆಯನ್ನು ತೆಗೆದುಕೊಂಡವರು ಆಕೆಯ ಪತಿ ಲಕ್ಕಣ್ಣ. “ಹಸಿನ ಮೈ ತೊಳೀತಾವ್ಳೆ, ಆಮೇಲೆ ಮಾಡಿ,” ಎಂದರು. ಎರಡನೆಯ ಕರೆಗೂ ಅವರೇ ಸಿಕ್ಕರು. “ಓದ್ತಾ ಕುಂತವ್ಳೆ. ಓದೋವಾಗ ಕರುದ್ರೆ ನಂಗೆ ಬೈಯ್ತಾಳೆ. ಹಸಿನ ಮೈ ತೊಳೆಯೋ ಹೊತ್ತಿಗೆ ಮಾಡಿ, ಬತ್ತಾಳೆ.” ಮೂರನೆಯ ಕರೆಗೆ ಹಾಲಮ್ಮನವರೇ ಮಾತನಾಡಿದರು.

“ನಿಮ್ಮ ಕೆಲ್ಸ ಏನು ಅಂತ ನಮ್ಮನೆಯೋರು ಹೇಳಿದ್ರು. ಮೊದ್ಲು ನಂಗೊಂದು ಹೇಳಿ. ಸಾವಿರದ ಒಂಬೈನೂರ ಹನ್ನೆರಡರಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೇಲಿ ಏನಾಯ್ತು?”

ನನಗೆ ತಿಳಿದಷ್ಟು ಹೇಳಿದೆ. ರಿಪಬ್ಲಿಕನ್ ಪಕ್ಷ ಒಡೆಯಿತು, ಹಿಂದೆ ದೇಶದ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್ ಹೊಸ ಪಕ್ಷ ಕಟ್ಟಿದರು, ವಿಲ್ಸನ್ ಗೆದ್ದರು.

“ಯಾಕೆ ಒಡೀತು?”

ಅದಕ್ಕೆ ಕೊಟ್ಟ ಉತ್ತರ ಅವರಿಗೆ ಸಾಲಲಿಲ್ಲ. “ಹದಿನಾರಕ್ಕೆ ಒಂಬತ್ತು ಕೊಡ್ಬೋದು. ಪರ್ವಾಗಿಲ್ಲ, ಮಂಗಳವಾರ ಬನ್ನಿ. ಬೆಳಗಿನ ಹಾಲು ಎಂಟಕ್ಕೆ ಮುಗೀತದೆ, ಸಂಜೆದು ಐದಕ್ಕೆ ಶುರು. ನಡುವೆ ಎಷ್ಟಾದ್ರೂ ಮಾತಾಡಣ.”

ಹೀಗೆ 2024ರ ಮೇ 14ರಂದು ಅಜ್ಜಂಪುರಕ್ಕೆ ಎಂಟು ಕಿಲೋಮೀಟರ್ ದೂರದ ಬಿದರೆಕಟ್ಟೆಯಲ್ಲಿ, ಸಂಘದ ಕಟ್ಟಡದ ಹಿಂದಿನ ನೆರಳಿನಲ್ಲಿ, ಮೊದಲ ಧ್ವನಿಮುದ್ರಣ ನಡೆಯಿತು. ಜುಲೈ ಮುಗಿಯುವುದರೊಳಗೆ ಇನ್ನೂ ನಾಲ್ಕು ನಡೆದವು. ಅವರ ಹೇಳಿಕೆಯನ್ನು ಸಂಘದ ನಡಾವಳಿ ಪುಸ್ತಕದೊಂದಿಗೆ, ಊರಿನ ಇತರ ನಾಲ್ವರ ಹೇಳಿಕೆಗಳೊಂದಿಗೆ ಹೋಲಿಸಿ ನೋಡಿ ಇಲ್ಲಿ ಬರೆಯಲಾಗಿದೆ. ಹೇಳಿಕೆಗಳು ಕೂಡದ ಕಡೆ ಹಾಗೆಂದು ಹೇಳಿದ್ದೇನೆ.

ಹಾಲಮ್ಮ ಹುಟ್ಟಿದ್ದು 1958ರಲ್ಲಿ, ತರೀಕೆರೆ ತಾಲ್ಲೂಕಿನ ಅಮೃತಾಪುರದ ಹತ್ತಿರ. ಎಸ್ಸೆಸ್ಸೆಲ್ಸಿ ಮುಗಿಸಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಲಕ್ಕಣ್ಣನವರನ್ನು ಮದುವೆಯಾಗಿ ಬಿದರೆಕಟ್ಟೆಗೆ ಬಂದರು. ರಾಗಿ ಮತ್ತು ಈರುಳ್ಳಿ ಬೆಳೆಯುವ ಎರಡು ಎಕರೆ, ಎರಡು ಹಸು. 1984ರಲ್ಲಿ ಊರಿಗೆ ಅಂಗನವಾಡಿ ಬಂದಾಗ ಕಾರ್ಯಕರ್ತೆಯಾದರು. 2018ರಲ್ಲಿ ಅರವತ್ತು ತುಂಬಿ ನಿವೃತ್ತರಾಗುವವರೆಗೆ ಊರಿನ ಎರಡು ತಲೆಮಾರಿಗೆ ಅಕ್ಷರ ತೋರಿಸಿದರು. ಆ ಮೂವತ್ತನಾಲ್ಕು ವರ್ಷಗಳಲ್ಲಿ ಒಂದು ಅಭ್ಯಾಸ ಅವರ ಕೈಗೆ ಅಂಟಿತ್ತು. ಬಂದ ಮಕ್ಕಳೆಷ್ಟು, ಬೇಯಿಸಿದ ಮೊಟ್ಟೆಯೆಷ್ಟು ಎಂಬ ಎರಡು ಸಂಖ್ಯೆಗಳನ್ನು ದಿನವೂ ತಾಳೆ ನೋಡದೆ ಅವರು ರಿಜಿಸ್ಟರ್ ಮುಚ್ಚುತ್ತಿರಲಿಲ್ಲ. ಮುಂದೆ ನಡೆದುದಕ್ಕೆ ಈ ಅಭ್ಯಾಸವೇ ಕಾರಣವಾದ್ದರಿಂದ ಅದನ್ನು ಇಲ್ಲಿಯೇ ದಾಖಲಿಸಬೇಕು.

ನಲವತ್ತು ದಾಟಿದ ಮೇಲೆ ಅವರು ಅಂಚೆಯ ಮೂಲಕ ಬಿ.ಎ. ಮುಗಿಸಿದರು, ನಲವತ್ತೈದರಲ್ಲಿ ಇತಿಹಾಸದ ಎಂ.ಎ.ಗೆ ಸೇರಿದರು. ಬೀರೂರಿನಲ್ಲಿ ರೈಲು ಬದಲಿಸಿ ಶಿವಮೊಗ್ಗಕ್ಕೆ ಹೋಗಿ ಪರೀಕ್ಷೆ ಬರೆದರು. ಐಚ್ಛಿಕ ಪತ್ರಿಕೆಗಳ ಪಟ್ಟಿಯಲ್ಲಿ ಅಮೆರಿಕದ ಇತಿಹಾಸವನ್ನೇ ಏಕೆ ಆರಿಸಿಕೊಂಡಿರಿ ಎಂಬ ಪ್ರಶ್ನೆಗೆ ಅವರ ಉತ್ತರ ಚಿಕ್ಕದಾಗಿತ್ತು.

“ಪಟ್ಟೀಲಿ ನಂಗೆ ಒಂದಕ್ಷರಾನೂ ಗೊತ್ತಿಲ್ದೆ ಇದ್ದಿದ್ದು ಅದೊಂದೇ. ಗೊತ್ತಿರೋದನ್ನ ಓದೋಕೆ ಶಿವಮೊಗ್ಗದ ತನಕ ಯಾಕೆ ಹೋಗ್ಬೇಕು?”

ಪಠ್ಯದ ಪುಸ್ತಿಕೆಗಳು ಕನ್ನಡದಲ್ಲಿದ್ದವು. ಅವನ್ನು ಅಂಗನವಾಡಿಯ ಕುಕ್ಕರಿಗೆ ಒರಗಿಸಿಟ್ಟುಕೊಂಡು, ಹೆಸರುಕಾಳು ಬೇಯುವಷ್ಟು ಹೊತ್ತು ಓದುತ್ತಿದ್ದರಂತೆ. ಒಂಬತ್ತನೆಯ ಪುಸ್ತಿಕೆ ಈಗಲೂ ಅವರ ಬಳಿ ಇದೆ. ಅದರ ರಕ್ಷಾಪುಟದ ಮೇಲೆ ಅರಿಸಿನದ ಬೆರಳ ಗುರುತುಗಳಿವೆ. ಇಪ್ಪತ್ತನೆಯ ಶತಮಾನದ ಮೊದಲೆರಡು ದಶಕಗಳ ಅಮೆರಿಕದ ಸುಧಾರಣೆಯ ಕಾಲವನ್ನು ಕುರಿತದ್ದು ಅದು. ಅಭ್ಯರ್ಥಿಗಳನ್ನು ಮುಚ್ಚಿದ ಕೋಣೆಯಲ್ಲಿ ಕುಳಿತು ತೀರ್ಮಾನಿಸುತ್ತಿದ್ದ ಪಕ್ಷದ ಯಜಮಾನರು, ಅವರ ಕೈಯಿಂದ ಆ ಅಧಿಕಾರವನ್ನು ಬಿಡಿಸಲು ಹೊರಟವರು, ಚುನಾವಣೆಗೆ ಮುಂಚೆಯೇ ಜನರಿಂದ ಅಭ್ಯರ್ಥಿಯನ್ನು ಆರಿಸುವ ‘ಪ್ರೈಮರಿ’ ಎಂಬ ಏರ್ಪಾಡು, ಅದನ್ನು ಮೊದಲಾಗಿ ರಾಜ್ಯಕ್ಕೆಲ್ಲ ಕಾನೂನಾಗಿ ಮಾಡಿದವುಗಳಲ್ಲಿ ಒಂದಾದ ವಿಸ್ಕಾನ್ಸಿನ್.

“ವಿಸ್ಕಾನ್ಸಿನ್ ಹಾಲಿನ ರಾಜ್ಯ ಕಣ್ರೀ,” ಎಂದು ಹಾಲಮ್ಮ ನಮ್ಮ ನೆರೆಯ ತಾಲ್ಲೂಕಿನ ವಿಷಯ ಹೇಳುವಂತೆ ಹೇಳಿದರು. “ಹಾಲಲ್ಲಿ ಕೊಬ್ಬು ಎಷ್ಟೈತೆ ಅಂತ ಸುಲಭವಾಗಿ ನೋಡೋ ಪರೀಕ್ಷೆ ಅಲ್ಲಿ ಹುಟ್ತು, ಸಾವಿರದ ಎಂಟುನೂರ ತೊಂಬತ್ತರಲ್ಲಿ. ಅದ್ರಿಂದ ನೀರು ಬೆರೆಸೋರು ಸಿಕ್ಕಿಬಿದ್ರು. ಆಮೇಲೆ ಪ್ರೈಮರಿ ತಂದ್ರು. ರಾಜಕೀಯದಾಗೂ ನೀರು ಬೆರೆಸೋರು ಇದ್ರಲ್ಲ! ಓದಿ ನಂಗೆ ಎಷ್ಟು ಖುಷಿಯಾಯ್ತು ಅಂದ್ರೆ, ಕಾಳು ಸೀದುಹೋಯ್ತು ಅವತ್ತು.”

ಬಿದರೆಕಟ್ಟೆಯ ಮಹಿಳಾ ಸಂಘ ಆರಂಭವಾದದ್ದು 1996ರಲ್ಲಿ. ಹದಿಮೂರು ಮಂದಿ ನಿರ್ದೇಶಕಿಯರು. ಅವರು ತಮ್ಮೊಳಗೆ ಒಬ್ಬರನ್ನು ಅಧ್ಯಕ್ಷೆಯಾಗಿ ಆರಿಸಬೇಕು. ನಿಯಮ ಇಷ್ಟು. ರೂಢಿ ಬೇರೆ ಇತ್ತು. 1999ರ ಮೊದಲ ಚುನಾವಣೆಯಿಂದ ಐದು ವರ್ಷಕ್ಕೊಮ್ಮೆ ಊರಿನ ಹಿರಿಯರು ಬಸವಣ್ಣನ ಗುಡಿಯ ಜಗಲಿಯಲ್ಲಿ ಸೇರಿ, ನಿರ್ದೇಶಕಿಯರ ಹೆಸರುಗಳನ್ನು ಬೀದಿವಾರು ಹಂಚುತ್ತಿದ್ದರು: ಮಠದ ಬೀದಿಗೆ ಐದು, ಕೆರೆಬೀದಿಗೆ ನಾಲ್ಕು, ಎರಡು ಕಿಲೋಮೀಟರ್ ಆಚೆಗಿನ ಮೇಗಲಹಟ್ಟಿಗೆ ನಾಲ್ಕು. ಹೆಚ್ಚುವರಿ ನಾಮಪತ್ರ ಬೀಳುತ್ತಿರಲಿಲ್ಲ. ಅಧ್ಯಕ್ಷೆ ಯಾರೆಂಬುದನ್ನೂ ಅದೇ ಜಗಲಿ ನಿರ್ಧರಿಸಿ ಆ ಮನೆಗೆ ವೀಳ್ಯ ಕೊಡುತ್ತಿತ್ತು. ವೀಳ್ಯ ಹೋದ ಮೇಲೆ ಮತ್ತೊಬ್ಬರು ನಿಲ್ಲುವ ಮಾತಿಲ್ಲ.

“ಇಪ್ಪತ್ಮೂರು ವರ್ಷ,” ಎಂದರು ಹಾಲಮ್ಮ. “ನಾಲ್ಕು ಜನ ಅಧ್ಯಕ್ಷೆಯರು. ನಾಲ್ಕು ಸಲಾನೂ ವೀಳ್ಯ ಹೋಗಿದ್ದು ಗಂಡನ ಕೈಗೆ, ಇಲ್ಲಾಂದ್ರೆ ಮಾವನ ಕೈಗೆ. ಹೆಂಗಸ್ರ ಸಂಘ ಅದು! ಒಬ್ಬಳ ಕೈಗಾದ್ರೂ ಒಂದೆಲೆ ಬರ್ಲಿಲ್ಲ.”

ಜಗಲಿಯ ಹಿರಿಯರಲ್ಲಿ ಮುಖ್ಯರು ತೀರ್ಥಪ್ಪ. ಮಠದ ಬೀದಿಯವರು, ಈರುಳ್ಳಿ ಮತ್ತು ಕೊಬ್ಬರಿ ವ್ಯಾಪಾರ, ಈಗ ಎಪ್ಪತ್ತೆಂಟು ವರ್ಷ. ಅವರ ಹೇಳಿಕೆಯನ್ನು ಪ್ರತ್ಯೇಕವಾಗಿ ಮುದ್ರಿಸಿಕೊಂಡಿದ್ದೇನೆ. ರೂಢಿಯನ್ನು ಅವರು ಮುಚ್ಚಿಡಲಿಲ್ಲ, ಅದಕ್ಕೆ ನಾಚಲೂ ಇಲ್ಲ. “ಜಗಳ ಆಗ್ಬಾರ್ದು ಅಂತ ಮಾಡ್ತಿದ್ವಿ. ಜಗಳ ಆಗ್ಲೂ ಇಲ್ಲ. ಅದನ್ನೂ ಬರ್ಕಳ್ರಿ,” ಎಂದರು. ಬರೆದುಕೊಂಡೆ.

2019ರ ಜುಲೈನಲ್ಲಿ ಹದಿಮೂರು ಹೆಸರುಗಳು ಎಂದಿನಂತೆ ಹಂಚಿಕೆಯಾದವು. ಕೆರೆಬೀದಿಯ ನಾಲ್ವರಲ್ಲಿ ಹಾಲಮ್ಮ ಒಬ್ಬರು. ಅಧ್ಯಕ್ಷತೆಯ ವೀಳ್ಯ ಈ ಸಲ ತೀರ್ಥಪ್ಪನವರ ಮನೆಗೇ ಬಂತು: ಅವರ ಸೊಸೆ ಶಾಂಭವಿ, ಬಿ.ಕಾಂ. ಓದಿದವರು. ಈ ಹೊತ್ತಿಗೆ ಹಾಲಮ್ಮ ಒಂದು ತೀರ್ಮಾನಕ್ಕೆ ಬಂದಿದ್ದರು. ಎರಡನೆಯ ಧ್ವನಿಮುದ್ರಣದಲ್ಲಿ ಅವರು ಅದನ್ನು ಹೇಳುವ ಮುನ್ನ ಯಂತ್ರ ಚಾಲೂ ಇದೆಯೇ ಎಂದು ಬಗ್ಗಿ ನೋಡಿದರು.

“ನಂಗೆ ಅಧ್ಯಕ್ಷೆ ಆಗ್ಬೇಕು ಅಂತ ಆಸೆ ಇತ್ತು. ಊರಿನ ಉದ್ಧಾರಕ್ಕೆ, ಹೆಣ್ಮಕ್ಕಳ ಏಳಿಗೆಗೆ ಅಂತೆಲ್ಲ ಸುತ್ತಿ ಬಳಸಿ ಹೇಳಲ್ಲ. ಆ ಕುರ್ಚಿ ಮೇಲೆ ಕೂತ್ಕೋಬೇಕು ಅಂತ ಆಸೆ. ಆದ್ರೆ ಜಗಲಿಯಿಂದ ಇಳಿದುಬಂದ ವೀಳ್ಯ ಹಿಡ್ಕೊಂಡಲ್ಲ. ಹಾಲು ಹಾಕೋ ಹೆಂಗಸ್ರು ‘ಇವಳು ಆಗ್ಲಿ’ ಅಂದ್ರೆ ಮಾತ್ರ.”

ತೊಡಕು ಒಂದಿತ್ತು. ಮೇಗಲಹಟ್ಟಿಯ ಭಾಗಮ್ಮನಿಗೂ ಅದೇ ಆಸೆ. ನಾಲ್ಕು ಹಸು, ಸಂಘಕ್ಕೆ ಎಲ್ಲರಿಗಿಂತ ಹೆಚ್ಚು ಹಾಲು, ಸಹಿ ಮಾಡುವಷ್ಟು ಓದು, ಹಟ್ಟಿಯಿಂದ ಕೂಗಿದರೆ ಡೈರಿಗೆ ಕೇಳಿಸುವ ಗಂಟಲು. ಹದಿಮೂರರಲ್ಲಿ ಶಾಂಭವಿಗೆ ಮಠದ ಬೀದಿಯ ಐದು ಖಚಿತ. ಉಳಿದ ಎಂಟು ಒಂದಾದರೆ ಶಾಂಭವಿ ಸೋಲುತ್ತಾರೆ. ನಾಲ್ಕು ನಾಲ್ಕಾಗಿ ಒಡೆದರೆ ಐದೇ ದೊಡ್ಡದು. ಹಾಲಮ್ಮ ಹಟ್ಟಿಗೆ ನಡೆದುಹೋಗಿ ಭಾಗಮ್ಮನ ಕೊಟ್ಟಿಗೆಯಲ್ಲಿ ಕುಳಿತು ಪ್ರೈಮರಿಯನ್ನು ವಿವರಿಸಿದರು. ಸಂಘದ ನೂರ ನಲವತ್ಮೂರು ಸದಸ್ಯೆಯರೂ ತಮ್ಮಿಬ್ಬರಲ್ಲಿ ಒಬ್ಬರನ್ನು ಆರಿಸಲಿ; ಸೋತವಳು ತನ್ನ ಬೀದಿಯ ನಾಲ್ಕನ್ನೂ ಗೆದ್ದವಳಿಗೆ ಕೊಡಲಿ.

“ಅಕ್ಕಾ, ಇದ್ರಲ್ಲಿ ನಂಗೇನೂ ನಷ್ಟ ಇಲ್ಲ ಬಿಡು,” ಎಂದರಂತೆ ಭಾಗಮ್ಮ. “ನೀನು ಗೆದ್ರೆ ಕೆಲ್ಸ ನಿಂಗೆ. ನಾನು ಗೆದ್ರೆ ಬರೆಯೋ ಕೆಲ್ಸ ಹೆಂಗೂ ನಿಂಗೇ.”

ಮತದಾನದ ಕ್ರಮ ಹೀಗೆ ಗೊತ್ತಾಯಿತು. ಕಾಗದ ಬೇಡ, ಓದು ಬಾರದವರಿದ್ದಾರೆ. ಚೌಕಾಬಾರಕ್ಕೆ ಮಾಡುವಂತೆ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ ಹುಣಸೇಬೀಜ. ಉಜ್ಜಲು ಹೊತ್ತು ಹಿಡಿಯುವುದರಿಂದ ಯಾರೂ ಮನೆಯಿಂದ ತಂದು ಸೇರಿಸಲಾರರು. ಬಾಯಿಗೆ ಬಟ್ಟೆ ಕಟ್ಟಿ ಸೀಳು ಬಿಟ್ಟ ಎರಡು ಕುಡಿಕೆ. ಹಾಲಮ್ಮನದಕ್ಕೆ ಕೆಂಪು ಬಳೆ, ಭಾಗಮ್ಮನದಕ್ಕೆ ಹಸಿರು ಬಳೆ. ಹಾಲಿನ ಗುಣಮಟ್ಟ ನೋಡುವ ಪ್ರತಿಮಾ ಸೀರೆ ಕಟ್ಟಿ ಮಾಡಿದ ಮರೆಯ ಪಕ್ಕದಲ್ಲಿ ನಿಂತು ಬೀಜ ಕೊಡಬೇಕು. ದಿನ 2019ರ ಆಗಸ್ಟ್ 18, ಭಾನುವಾರ. ಹಾಲಮ್ಮ ಪ್ರತಿಮಾಗೆ ಕೊಟ್ಟ ಸೂಚನೆ ಒಂದೇ ಸಾಲಿನದು: “ಹಾಲು ಹಾಕಿದೋರಿಗೆಲ್ಲ ಒಂದೊಂದು ಬೀಜ ಕೊಡು.”

ಹಾಲು ಹಾಕುವ ಊರಿನವರಿಗೆ ಈ ಸೂಚನೆಯ ಅರ್ಥ ಒಂದೇ. ಬೆಳಿಗ್ಗೆ ಹಾಲು ಹಾಕಿದವರಿಗೆ ಒಂದು, ಸಂಜೆ ಹಾಲು ಹಾಕಿದವರಿಗೆ ಒಂದು. ಸದಸ್ಯತ್ವ ಹೆಂಗಸಿನ ಹೆಸರಿನಲ್ಲಿದ್ದರೂ ಕ್ಯಾನು ತರುವವರು ಬಿಡುವಿದ್ದವರು: ಬೆಳಿಗ್ಗೆ ಸೊಸೆ, ಸಂಜೆ ಅತ್ತೆ, ಅವರಿಬ್ಬರಿಗೂ ಆಗದಿದ್ದರೆ ಮನೆಯ ಯಜಮಾನ. ಡೈರಿಯಲ್ಲಿ ಯಾರೂ ಯಾರನ್ನೂ ಹೆಸರಿನಿಂದ ಕರೆಯುವುದಿಲ್ಲ. ‘ನಲವತ್ತೇಳು ಬಂತು’, ‘ನೂರ ಎರಡು ಎಲ್ಲಿ’ ಎಂದು ಕ್ಯಾನಿನ ಸಂಖ್ಯೆ ಹಿಡಿದು ಕರೆಯುತ್ತಾರೆ. ಇಪ್ಪತ್ಮೂರು ವರ್ಷ ಹಾಗೆಯೇ ನಡೆದ ಸಾಲಿನಲ್ಲಿ ಅಂದೂ ಹಾಗೆಯೇ ನಡೆಯಿತು. ಕ್ಯಾನು ತಂದವರು ಬೀಜ ಹಾಕಿದರು. ಹಾಲಮ್ಮ, ಭಾಗಮ್ಮ ಇಬ್ಬರೂ ಡೈರಿಯ ಹತ್ತಿರ ಸುಳಿಯಬಾರದೆಂಬ ಒಪ್ಪಂದವಿದ್ದುದರಿಂದ ಇದು ಅವರ ಕಣ್ಣಿಗೆ ಬೀಳಲಿಲ್ಲ.

ಮಧ್ಯಾಹ್ನ ಪ್ರತಿಮಾ ಬೀಜದ ತಟ್ಟೆ ನೋಡಿದರು. ಹಾಲಮ್ಮ ಉಜ್ಜಿಕೊಟ್ಟಿದ್ದು ನೂರೈವತ್ತು, ಸಂಜೆಗೆ ಸಾಲದು. ಹಾಲಮ್ಮನವರು ಹೊಲಕ್ಕೆ ಹೋಗಿದ್ದರು. ಮನೆಯಲ್ಲಿದ್ದ ಲಕ್ಕಣ್ಣನವರನ್ನು ಕೇಳಿದರು.

“ಉಜ್ಜಿಕೊಟ್ಟೆ,” ಎಂದು ಲಕ್ಕಣ್ಣ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. “ಹೆಂಡ್ತಿ ಎಲೆಕ್ಷನ್ನು. ಉಂಡು ಮಲಗೋನು ಮಲಗ್ದೆ ಕಲ್ಲಿನ ಮುಂದೆ ಕುಂತು ಅರವತ್ತು ಬೀಜ ಉಜ್ಜಿದೀನಿ. ಬೆರಳ ತುದಿ ಸವ್ದೋಗಿತ್ತು ನೋಡಿ.”

ಪ್ರತಿಮಾ ಎಪ್ಪತ್ತು ಎಂದು ನೆನಪಿಸಿಕೊಳ್ಳುತ್ತಾರೆ. ಎಣಿಕೆಯ ಪ್ರಕಾರ ಕನಿಷ್ಠ ಅರವತ್ತೊಂದು ಇರಲೇಬೇಕು.

ಸಂಜೆಯ ಹಾಲು ಮುಗಿದ ಕೂಡಲೇ ಕುಡಿಕೆಗಳನ್ನು ಡೈರಿಯ ಕಟ್ಟೆಯ ಮೇಲೆ ಸುರಿದು ಎಲ್ಲರೆದುರು ಎಣಿಸಿದರು. ಕೆಂಪು ಬಳೆ ನೂರ ಇಪ್ಪತ್ನಾಲ್ಕು, ಹಸಿರು ಬಳೆ ಎಂಬತ್ತೇಳು. ಪ್ರತಿಮಾ ಎರಡನ್ನೂ ಹಾಲಿನ ದರ ಬರೆಯುವ ಹಲಗೆಯ ಮೇಲೆ ಬರೆದರು. ಕೆರೆಬೀದಿಯ ಹೆಂಗಸರು ಕೇಕೆ ಹಾಕಿದರು. ಭಾಗಮ್ಮ ಬಂದು ಹಾಲಮ್ಮನ ಕೈ ಹಿಡಿದು, “ಆಯ್ತು ಬಿಡಕ್ಕ, ಮೂವತ್ತೇಳರಲ್ಲಿ ಹೊಡ್ದೆ ನನ್ನ,” ಎಂದರು. ಯಾರೋ ಟೀ ತಂದುಕೊಟ್ಟರು. ಎರಡೂ ಸಂಖ್ಯೆಗಳನ್ನು ಕೂಡಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಯಾವುದು ದೊಡ್ಡದೆಂದು ಕಂಡಿತ್ತಲ್ಲ.

ಹಾಲಮ್ಮ ಕೂಡಿಸಿದರು. ಮೊಟ್ಟೆ ಮತ್ತು ಮಕ್ಕಳ ಲೆಕ್ಕದ ಕೈ. ಇನ್ನೂರ ಹನ್ನೊಂದು. ಸಂಘದಲ್ಲಿರುವವರು ನೂರ ನಲವತ್ಮೂರು.

ಈ ಭಾಗ ಮೂರನೆಯ ಧ್ವನಿಮುದ್ರಣದಲ್ಲಿದೆ. ಹಿನ್ನೆಲೆಯಲ್ಲಿ ಹಾಲಿನ ಕ್ಯಾನು ತೊಳೆಯುವ ಶಬ್ದ ಕೇಳಿಸುತ್ತದೆ.

“ಲಕ್ಕಣ್ಣನ ಮುಖ ನೋಡ್ದೆ. ಹಲ್ಲು ಕಿರ್ಕೊಂಡು ನಿಂತವ್ನೆ, ಬೆರಳೆಲ್ಲ ಕಂದು ಬಣ್ಣ. ಏನಾಗಿರ್ಬೋದು ಅಂತ ಗೊತ್ತಾಗೋಯ್ತು. ಬೇರೆ ಯಾರಿಗೂ ಗೊತ್ತಿಲ್ಲ. ಟೀ ಕುಡಿದೆ. ಬಿಸಿ ಇತ್ತು, ನಿಧಾನಕ್ಕೆ ಕುಡಿದೆ. ಆ ಟೀ ಮುಗಿಯೋ ತನಕ ನಾನೇ ಅಧ್ಯಕ್ಷೆ ಕಣ್ರೀ. ಚೆನ್ನಾಗಿತ್ತು.”

ಲೋಟ ಕೆಳಗಿಟ್ಟು ಅವರು ಹಲಗೆಯ ಬಳಿ ಹೋದರು. ಎರಡು ಸಂಖ್ಯೆಗಳ ಕೆಳಗೆ ಗೆರೆ ಎಳೆದು ಮೊತ್ತ ಬರೆದರು. ಪಕ್ಕದಲ್ಲಿ 143 ಎಂದು ಬರೆದರು. “ಪ್ರತಿಮಾ, ಹೇಳಮ್ಮ. ಸಂಜೆ ಬಂದೋರಿಗೂ ಕೊಟ್ಯಾ?”

“ನೀವೇ ಅಂದಿದ್ರಲ್ಲಕ್ಕ, ಹಾಲು ಹಾಕಿದೋರಿಗೆಲ್ಲ ಅಂತ.”

“ಗಂಡಸ್ರಿಗೂ?”

“ಅವ್ರು ಹಾಕಿದ್ದು ಹಾಲೇ ಅಲ್ವಾ!”

ಡೈರಿ ನಕ್ಕಿತು. ಹಾಲಮ್ಮನೂ ನಕ್ಕರೆಂದು ಪ್ರತಿಮಾ ಹೇಳುತ್ತಾರೆ. ತಾನು ನಗಲಿಲ್ಲವೆಂದು ಹಾಲಮ್ಮ ಹೇಳುತ್ತಾರೆ. ತಪ್ಪು ತನ್ನ ಸೂಚನೆಯದು, ಹುಡುಗಿಯದಲ್ಲ ಎಂದು ಅವರು ಎಲ್ಲರೆದುರು ಹೇಳಿದ್ದನ್ನು ಮಾತ್ರ ಇಬ್ಬರೂ ಒಪ್ಪುತ್ತಾರೆ. ಎಣಿಕೆ ರದ್ದು, ಮುಂದಿನ ಭಾನುವಾರ ಬೆಳಿಗ್ಗೆ ಮಾತ್ರ ಮತದಾನ, ಸದಸ್ಯೆ ಪಾಸ್‌ಬುಕ್ ಹಿಡಿದು ತಾನೇ ಬರಬೇಕು, ಬೀಜ ಕೊಟ್ಟ ಮೇಲೆ ಪಾಸ್‌ಬುಕ್ಕಿನಲ್ಲಿ ಗುರುತು.

ಮನೆಗೆ ನಡೆಯುವಾಗ ಲಕ್ಕಣ್ಣ ಜಗಳ ತೆಗೆದರು. “ಲೇ, ಯಾರು ಕೇಳಿದ್ರು ನಿನ್ನ? ಭಾಗಮ್ಮನೇ ಆಯ್ತು ಅಂದ್ಳಲ್ಲ!”

“ಕೂಡಿಸೋದು ಬರ್ದೇ ಇದ್ದಿದ್ರೆ ನಾನೂ ಆಯ್ತು ಅಂತಿದ್ದೆ.”

“ಹಂಗಾರೆ ನನ್ನ ಬೆರಳು?”

“ನಿನ್ನ ಬೆರಳಿಂದಾನೇ ಹಿಂಗಾಗಿದ್ದು. ಎಣ್ಣೆ ಹಚ್ಚು.”

ಆ ವಾರದಲ್ಲೇ ಮರುಮತದಾನದ ಫಲ ಹಾಲಮ್ಮನಿಗೆ ಬಹುಮಟ್ಟಿಗೆ ತಿಳಿದಿತ್ತು. ಮೇಗಲಹಟ್ಟಿಯವರು ದೂರದ ಕಾರಣ ಬೆಳಿಗ್ಗೆ ಮಾತ್ರ ಹಾಲು ತರುತ್ತಾರೆ. ಎರಡು ಹೊತ್ತೂ ತರುವವರು ಹೆಚ್ಚಾಗಿ ಕೆರೆಬೀದಿಯವರು. ಎರಡೆರಡು ಬಿದ್ದ ಬೀಜಗಳು ಬಹುಪಾಲು ಹಾಲಮ್ಮನ ಕುಡಿಕೆಯವೇ. ಆಗಸ್ಟ್ 25ರಂದು ನೂರ ಮೂವತ್ತೇಳು ಸದಸ್ಯೆಯರು ಬಂದರು. ಅವರಲ್ಲಿ ಹನ್ನೊಂದು ಮಂದಿ ಡೈರಿಯ ಹೊಸಿಲು ತುಳಿದದ್ದು ಅದೇ ಮೊದಲು. ಇಪ್ಪತ್ಮೂರು ವರ್ಷ ಅವರ ಹೆಸರಿನ ಹಾಲನ್ನು ಬೇರೆಯವರು ತಂದಿದ್ದರು. ಹಾಲಮ್ಮ ಈ ಹನ್ನೊಂದು ಹೆಸರುಗಳನ್ನೂ ತಡೆಯಿಲ್ಲದೆ ಹೇಳಿದರು. ಹಸಿರು ಬಳೆ ಎಪ್ಪತ್ತೊಂದು, ಕೆಂಪು ಬಳೆ ಅರವತ್ತಾರು. ಬೀಜ ನೂರ ಮೂವತ್ತೇಳು.

ಮರುದಿನ ಮಧ್ಯಾಹ್ನ ತೀರ್ಥಪ್ಪ ಹಾಲಮ್ಮನ ಮನೆಗೆ ಬಂದರು. ಈ ಭೇಟಿಯ ವಿವರವನ್ನು ಇಬ್ಬರೂ ಪ್ರತ್ಯೇಕವಾಗಿ ಹೇಳಿದ್ದಾರೆ, ಮತ್ತು ಆಶ್ಚರ್ಯವೆನಿಸುವಷ್ಟು ಕೂಡುವಂತೆ ಹೇಳಿದ್ದಾರೆ. ಕೈಯಲ್ಲಿ ವೀಳ್ಯವಿತ್ತು. ಅದನ್ನು ಅವರು ಲಕ್ಕಣ್ಣನಿಗೆ ಕೊಡದೆ ಹಾಲಮ್ಮನ ಮುಂದೆ ಹಿಡಿದರು.

“ತಗಳಮ್ಮ. ನೀನು ನಿಂತ್ಕೊ. ಓದಿದೋಳು ನೀನು, ಸಹಿ ಹಾಕೋಳ ಕೈಕೆಳಗೆ ಕೂರ್ತೀಯಾ? ನಿಮ್ಮ ಬೀದಿ ನಾಕು ನಿನ್ನ ಕಡೆ ಅವೆ.”

“ಯಜಮಾನ್ರೇ, ನಾನು ಸೋತೆ ನಿನ್ನೆ.”

“ಬೀಜದಾಗೆ ಸೋತೆ. ಬೀಜಕ್ಕೆ ಯಾವ ಕಾನೂನೈತೆ? ನಿಮ್ಮ ಅಮೆರಿಕದೋನು ಎದ್ದು ಹೋಗ್ಲಿಲ್ವೇನಮ್ಮ? ಸಭೇಲಿ ನ್ಯಾಯ ಸಿಗ್ಲಿಲ್ಲ ಅಂತ ಬೇರೆ ಪಾರ್ಟಿ ಕಟ್ಲಿಲ್ವಾ? ನಮ್ಮ ಶಾಂಭವಿ ಹೇಳಿದ್ಳು, ಹಾಲಿನ ಸಾಲಲ್ಲಿ ನೀನೇ ಹೇಳಿದ್ಯಂತೆ.”

ಹಾಲಮ್ಮನೇ ಹೇಳಿದ್ದರು, ವರ್ಷಗಟ್ಟಲೆ, ಸಾಲು ಕರಗುವವರೆಗೆ, ಕಂತು ಕಂತಾಗಿ. 1912ರಲ್ಲಿ ಹತ್ತು ಹನ್ನೆರಡು ರಾಜ್ಯಗಳಲ್ಲಿ ಪ್ರೈಮರಿ ನಡೆದು, ಹೆಚ್ಚಿನವುಗಳಲ್ಲಿ ರೂಸ್‌ವೆಲ್ಟ್ ಗೆದ್ದದ್ದು. ಜೂನ್ ತಿಂಗಳ ಶಿಕಾಗೋ ಸಮ್ಮೇಳನದಲ್ಲಿ ಪಕ್ಷದ ಯಜಮಾನರು ಆಗ ಅಧ್ಯಕ್ಷರಾಗಿದ್ದ ಟಾಫ್ಟ್ ಅವರನ್ನೇ ಮತ್ತೆ ಅಭ್ಯರ್ಥಿಯಾಗಿ ಆರಿಸಿದ್ದು. ರೂಸ್‌ವೆಲ್ಟ್ ಕಡೆಯವರು ಹೊರನಡೆದು ಬೇರೆ ಪಕ್ಷ ಕಟ್ಟಿದ್ದು. ಮತ ಒಡೆದು ಎದುರು ಪಕ್ಷದ ವಿಲ್ಸನ್ ಗೆದ್ದದ್ದು. 2004ರ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಾಗ, ರೂಸ್‌ವೆಲ್ಟ್ ಹೊರನಡೆದದ್ದು ಸರಿ ಎಂದು ಅವರು ಏಳು ಪುಟ ಬರೆದಿದ್ದರು. ಈಗ ಅದೇ ಉತ್ತರ ತೀರ್ಥಪ್ಪನವರ ಬಾಯಿಯಿಂದ, ವೀಳ್ಯದೊಂದಿಗೆ, ಹಾಲಮ್ಮನ ಮನೆಯ ಜಗಲಿಗೆ ಬಂದಿತ್ತು. ಇಪ್ಪತ್ಮೂರು ವರ್ಷದಲ್ಲಿ ಒಬ್ಬ ಹೆಂಗಸಿನ ಕೈಗೆ ನೀಡಿದ ಮೊದಲ ವೀಳ್ಯ ಅದು.

“ಯಜಮಾನ್ರೇ, ಕೂತ್ಕಳಿ, ಮಜ್ಜಿಗೆ ಕುಡೀರಿ,” ಎಂದರು ಹಾಲಮ್ಮ. “ಆ ಮನುಷ್ಯ ಜನರ ಹತ್ರ ಗೆದ್ದಿದ್ರು. ಗೆದ್ದಿದ್ದನ್ನ ಸಭೆಯೋರು ಕಿತ್ಕೊಂಡ್ರು, ಎದ್ದು ಹೋದ್ರು. ನಾನು ಜನರ ಹತ್ರಾನೇ ಸೋತಿದೀನಿ. ಗೆದ್ದೋರು ಎದ್ದು ಹೋಗೋದು ಒಂದು, ಸೋತೋಳು ಎದ್ದು ಹೋಗೋದು ಇನ್ನೊಂದು. ಈಗ ನಾನೆದ್ರೆ, ಅವತ್ತು ಎದ್ದು ಹೋದೋರ ಜಾಗದಲ್ಲಿ ಅಲ್ಲ ನಾನಿರೋದು, ಆ ಸಭೆ ಯಜಮಾನರ ಜಾಗದಲ್ಲಿ.”

“ಅಂದ್ರೆ ನನ್ನ ಪಕ್ಕದಾಗೆ.”

“ನಿಮ್ಮ ಪಕ್ಕದಾಗೆ. ನಾಕು, ನಾಕು, ಐದು. ಎಣಿಸೋಕೆ ನಂಗೂ ಬತ್ತದೆ.”

ತೀರ್ಥಪ್ಪ ಮಜ್ಜಿಗೆ ಕುಡಿದು, ವೀಳ್ಯವನ್ನು ಜೇಬಿಗೆ ಸೇರಿಸಿ ಎದ್ದರು. ಐದು ವರ್ಷಗಳ ನಂತರ ಇದನ್ನು ನೆನೆದು ಅವರು ಗಟ್ಟಿಯಾಗಿ ನಕ್ಕರು. “ನಂದೇ ತಪ್ಪು ಕಣ್ರೀ. ಸೊಸೆ ಅರ್ಧ ಕತೆ ಹೇಳಿದ್ಳು. ಪೂರ್ತಿ ಓದಿದೋಳ ಮುಂದೆ ಅರ್ಧ ಕತೆ ಹಿಡ್ಕೊಂಡು ಹೋಗ್ಬಿಟ್ಟೆ.”

ಹೊರಗಿನಿಂದ ನೋಡಿದರೆ ಇಷ್ಟು ಸುಲಭವಾಗಿ ಮುಗಿದಂತೆ ಕಾಣುವ ಈ ಮಾತಿನ ಹಿಂದೆ ಏನಿತ್ತೆಂದು ಐದನೆಯ ಧ್ವನಿಮುದ್ರಣದಲ್ಲಿ ಕೇಳಿದೆ. ನಿಲ್ಲಬೇಕೆಂದು ಒಂದು ಕ್ಷಣವೂ ಅನ್ನಿಸಲಿಲ್ಲವೇ?

“ಅನ್ನಿಸ್ದೆ ಏನು? ಅರವತ್ತೊಂದು ನನ್ನ ವಯಸ್ಸು ಆಗ. ಇನ್ನೈದು ವರ್ಷಕ್ಕೆ ಯಾರು ಏನೋ. ವೀಳ್ಯದೆಲೆ ವಾಸ್ನೆ ಸಂಜೆ ತನಕ ಮನೇಲಿತ್ತು. ಆದ್ರೆ ಆ ಹನ್ನೊಂದು ಜನ ಬಂದಿದ್ರಲ್ಲ, ಮೊದ್ಲ ಸಲ, ಪಾಸ್‌ಬುಕ್ ಸೆರಗಿನೊಳಗೆ ಇಟ್ಕೊಂಡು. ಅವ್ರಲ್ಲಿ ಎಷ್ಟು ಜನ ನಂಗೆ ಹಾಕಿದ್ರೋ, ಎಷ್ಟು ಜನ ಭಾಗಮ್ಮಂಗೆ ಹಾಕಿದ್ರೋ ಗೊತ್ತಿಲ್ಲ. ನಾನು ನಿಂತ್ರೆ, ಅವ್ರು ನಡ್ಕೊಂಡು ಬಂದಿದ್ದು ದಂಡ ಆಗ್ತಿತ್ತು. ಇನ್ನೊಂದು ಸಲ ಕರುದ್ರೆ ಬರ್ತಿರ್ಲಿಲ್ಲ.” ಆಮೇಲೆ ಸೇರಿಸಿದರು: “ಆ ಏಳು ಪುಟದ ಉತ್ತರ ಈಗ್ಲೂ ಸರಿ ಅಂತೀನಿ. ಪ್ರಶ್ನೆ ಬೇರೆ ಇತ್ತು, ಅಷ್ಟೆ.”

ಅಧ್ಯಕ್ಷೆಯ ಆಯ್ಕೆಗೆ ಮೂರು ದಿನವಿತ್ತು. ಕೆರೆಬೀದಿಯ ಇತರ ಮೂವರು ನಿರ್ದೇಶಕಿಯರಿಗೆ ಈ ಸೋಲು ನುಂಗಲಾಗಿರಲಿಲ್ಲ. ಹಟ್ಟಿಯವಳಿಗೆ ಕೈ ಎತ್ತುವುದೇ ಎಂದು ಒಬ್ಬರು ಬಾಯಿಬಿಟ್ಟೇ ಕೇಳಿದ್ದರು. ಹಾಲಮ್ಮ ಮೂವರ ಮನೆಗೂ ಹೋದರು. ಮೂವರೂ ಹಾಲಮ್ಮ ಅಕ್ಷರ ತೋರಿಸಿದ ಮಕ್ಕಳ ತಾಯಂದಿರು. ಏನು ಹೇಳಿದರೆಂದು ಕೇಳಿದಾಗ, “ಹೇಳೋದೇನು? ಕೂಡಿಸಿ ತೋರ್ಸಿದೆ,” ಎಂದರು.

ಆಯ್ಕೆಯ ದಿನ ಮೇಲ್ವಿಚಾರಕರಾಗಿ ಸಭೆಗೆ ಬಂದಿದ್ದ ಓಂಕಾರೇಶರು ಬೀಜದ ಎಣಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಯಲು ಮೊದಲು ಒಪ್ಪಲಿಲ್ಲ. “ಇದು ಬೈಲಾದಲ್ಲಿ ಇಲ್ಲಮ್ಮ.”

“ಬೇಡ ಅಂತಾನೂ ಇಲ್ವಲ್ಲ ಸಾರ್. ಬರೀರಿ. ರದ್ದಾಗಿದ್ದನ್ನೂ ಬರೀರಿ. ಗೆದ್ದಿದ್ದನ್ನ ಮಾತ್ರ ಬರೆದ್ರೆ ಮುಂದಿನೋರು ಅದೇ ತಪ್ಪು ಮಾಡ್ತಾರೆ.”

ಹಾಲಮ್ಮ ಇಂದಿಗೂ ನಿರ್ದೇಶಕಿ. ಭಾಗಮ್ಮ ಹೇಳಿದ್ದಂತೆ ಬರೆಯುವ ಕೆಲಸ ಅವರಿಗೇ ಬಂದಿದೆ. ಭಾಗಮ್ಮ ಓದಿ ಸಹಿ ಮಾಡುತ್ತಾರೆ, ಈಗ ನಿಜವಾಗಿಯೂ ಓದಿ, ಒಮ್ಮೊಮ್ಮೆ ತಪ್ಪು ತೋರಿಸಿ. ಉಜ್ಜಿದ ಬೀಜಗಳು ಸಂಘದ ಬೀರುವಿನಲ್ಲಿ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿವೆ. ಈ ಸಲದ ಆಯ್ಕೆಗೆ ಹಾಲಮ್ಮ ಮತ್ತೆ ಬೀಜಕ್ಕೆ ನಿಲ್ಲುವವರಿದ್ದಾರೆ. ಶಾಂಭವಿಯೂ ವೀಳ್ಯಕ್ಕೆ ಕಾಯದೆ ತಮ್ಮದೊಂದು ಬಳೆ ಕೊಟ್ಟಿದ್ದಾರೆ, ನೀಲಿ ಬಣ್ಣದ್ದು. “ಮೂರು ಕುಡಿಕೆ ಆಯ್ತು,” ಎಂದು ಹಾಲಮ್ಮ ಕೈ ಉಜ್ಜಿಕೊಂಡರು. “ಗೆಲ್ತೀನಿ ನೋಡಿ.”

ನಡಾವಳಿ ಪುಸ್ತಕದ ಅರವತ್ನಾಲ್ಕನೆಯ ಪುಟದಲ್ಲಿ ಇರುವುದು ಇಷ್ಟು:

18–8–2019, ಭಾನುವಾರ. ವಿಸ್ಕಾನ್ಸಿನ್ ಕ್ರಮದಂತೆ ಬೀಜ ಹಾಕಲಾಯಿತು. ಸದಸ್ಯೆಯರು 143, ಬಿದ್ದ ಬೀಜ 211. ರದ್ದು.

25–8–2019, ಭಾನುವಾರ. ಬಂದ ಸದಸ್ಯೆಯರು 137, ಬಿದ್ದ ಬೀಜ 137.

29–8–2019, ಗುರುವಾರ. ಅಧ್ಯಕ್ಷೆ: ಭಾಗಮ್ಮ. ಪರ 8, ವಿರುದ್ಧ 5. ಸೂಚಕರು: ಹಾಲಮ್ಮ.